ಅಭಿಮಾನವೂ ಹೊಣೆಯೂ



ಮಕ್ಕಳು ಮೊಬೈಲು ಹಿಡಿದು ಗಂಟೆಗಟ್ಟಲೆ ಯಾರನ್ನು ನೋಡುತ್ತಾರೆ, ಯಾರ ಪರವಾಗಿ ಯಾರೊಡನೆ ಜಗಳವಾಡುತ್ತಾರೆ ಎಂಬ ಚಿಂತೆ ಈಗ ಅನೇಕ ತಂದೆತಾಯಿಗಳಿಗಿದೆ. ಹಿಂದೆ ಸಿನಿಮಾ ನಟರ ಅಭಿಮಾನವಿತ್ತು, ಆಮೇಲೆ ಕ್ರಿಕೆಟ್ ಆಟಗಾರರದು ಬಂತು. ಈಗ ಮುಖವೇ ಕಾಣದವರ ಅಭಿಮಾನವೂ ಬಂದಿದೆ. ಸರಿಯೋ ತಪ್ಪೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಮೊದಲು ಗಡಿಯಲ್ಲಿ ಬಾಳುವ ನಾವು ಇದನ್ನು ನಿಧಾನವಾಗಿ ವಿಚಾರ ಮಾಡಬೇಕಾಗಿದೆ. ಏಕೆಂದರೆ ಅಭಿಮಾನಿಗಳ ಕೂಟದಲ್ಲಿ ಹಾಡು, ಆಟಗಳ ಮಾತು ಬಹುಬೇಗ ದೇಶದ, ಭಾಷೆಯ, ನೀರಿನ ಮಾತಾಗಿಬಿಡುತ್ತದೆ. ಆ ಮಾತಿನ ಬೆಲೆಯನ್ನು ಕೊನೆಗೆ ತೆರುವವರು ಗಡಿಯವರು.

ಮುಖ ಕಾಣದವರು ಎಂದರೆ ಯಾರು? ಇವರನ್ನು ವರ್ಚುವಲ್ ಸ್ಟ್ರೀಮರ್ ಎನ್ನುತ್ತಾರೆ. ಒಬ್ಬ ವ್ಯಕ್ತಿ ತನ್ನ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಕುಳಿತು ಮಾತಾಡುತ್ತಾನೆ ಅಥವಾ ಹಾಡುತ್ತಾಳೆ. ಪರದೆಯ ಮೇಲೆ ಕಾಣುವುದು ಆ ವ್ಯಕ್ತಿಯಲ್ಲ, ಬರೆದ ಒಂದು ಗೊಂಬೆ. ಆತ ಕಣ್ಣು ಮಿಟುಕಿಸಿದರೆ ಗೊಂಬೆಯೂ ಮಿಟುಕಿಸುತ್ತದೆ, ಆತ ನಕ್ಕರೆ ಅದೂ ನಗುತ್ತದೆ. ಜಪಾನಿನಲ್ಲಿ 2016ರಲ್ಲಿ ಕಿಜುನಾ ಐ ಎಂಬ ಗೊಂಬೆಯಿಂದ ಈ ಕಲೆ ಹೆಸರುವಾಸಿಯಾಯಿತು. ನೋಡುವವರು ಅಲ್ಲಿಯೇ ಬರೆದು ಮಾತಾಡುತ್ತಾರೆ, ಹಣವನ್ನೂ ಕಳುಹಿಸುತ್ತಾರೆ. ತೊಗಲು ಗೊಂಬೆಯಾಟ ಕಂಡ ನಮ್ಮ ಸೀಮೆಗೆ ಇದು ತೀರಾ ಅಪರಿಚಿತವೇನಲ್ಲ. ಪರದೆಯ ಹಿಂದೆ ಕುಳಿತವನ ದನಿಗೆ ಮುಂದೆ ಕುಳಿತವರು ಅಳುತ್ತಿದ್ದರು, ನಗುತ್ತಿದ್ದರು. ಆದರೆ ಆಟ ಮುಗಿದ ಮೇಲೆ ಗೊಂಬೆಯಾಡಿಸುವವನು ಹೊರಗೆ ಬಂದು ಊರವರೊಡನೆ ಊಟಕ್ಕೆ ಕೂರುತ್ತಿದ್ದ. ಇಲ್ಲಿ ಹಾಗಿಲ್ಲ. ಆಡಿಸುವವನೂ ನೋಡುವವನೂ ಇಬ್ಬರೂ ಮರೆಯಲ್ಲಿ ಇರುತ್ತಾರೆ.

ಕಾಣದವರನ್ನು ಪ್ರೀತಿಸುವುದು ಹುಚ್ಚು ಎನ್ನುವವರಿದ್ದಾರೆ. ನಾವು ಹಾಗೆ ಹೇಳಲಾರೆವು. ನಮ್ಮ ಗಾಜನೂರಿನ ಡಾ. ರಾಜ್‌ಕುಮಾರ್ ಅವರನ್ನು ಒಮ್ಮೆಯೂ ಎದುರಿಗೆ ಕಾಣದೆ ಲಕ್ಷಾಂತರ ಜನ ಪ್ರೀತಿಸಿದರು. ಅವರೂ ಅಭಿಮಾನಿಗಳನ್ನು ದೇವರೆಂದೇ ಕರೆದರು. ಆ ಪ್ರೀತಿ ಸುಳ್ಳಾಗಿರಲಿಲ್ಲ. ಹೆಸರು ಮರೆಸುವುದೂ ಸ್ವತಃ ದೋಷವಲ್ಲ. ವಚನಕಾರರು ತಮ್ಮ ಹೆಸರನ್ನು ಹಿಂದಿಟ್ಟು ಇಷ್ಟದೈವದ ಅಂಕಿತವನ್ನು ಮುಂದಿಟ್ಟರು. ಆದರೆ ಆಡಿದ ಮಾತಿಗೆ ತಾವೇ ನಿಂತರು, ಅದರ ಕಷ್ಟವನ್ನೂ ತಾವೇ ಉಂಡರು. ಆದ್ದರಿಂದ ಮುಖವಾಡ ಇದೆಯೋ ಇಲ್ಲವೋ ಎಂಬುದು ಮುಖ್ಯ ಪ್ರಶ್ನೆಯಲ್ಲ. ಮುಖವಾಡದ ಹಿಂದಿನಿಂದ ಬಂದ ಮಾತಿಗೆ ಹೊಣೆ ಯಾರು ಎಂಬುದೇ ಪ್ರಶ್ನೆ.

ಜಪಾನಿನಲ್ಲಿ ನಡೆದ ಒಂದು ಸಂಗತಿಯನ್ನು ನೋಡೋಣ. 2020ರ ಸೆಪ್ಟೆಂಬರ್ ತಿಂಗಳಲ್ಲಿ ಹೋಲೋಲೈವ್ ಎಂಬ ಸಂಸ್ಥೆಯ ಇಬ್ಬರು ಗೊಂಬೆ ಕಲಾವಿದೆಯರು ತಮ್ಮ ಪ್ರಸಾರವನ್ನು ಎಲ್ಲೆಲ್ಲಿಯವರು ನೋಡುತ್ತಾರೆ ಎಂಬ ಪಟ್ಟಿಯನ್ನು ಓದಿದರು. ಅದರಲ್ಲಿ ತೈವಾನ್ ಹೆಸರೂ ಇತ್ತು. ತೈವಾನ್ ತನ್ನ ಭಾಗವೆಂಬುದು ಚೀನಾದ ವಾದ. ಅಲ್ಲಿನ ಅಭಿಮಾನಿಗಳು ಸಿಡಿದೆದ್ದರು, ಸಂಸ್ಥೆ ಆ ಇಬ್ಬರನ್ನೂ ಮೂರು ವಾರ ಪ್ರಸಾರದಿಂದ ದೂರವಿಟ್ಟಿತು. ಅವರಲ್ಲಿ ಕಿರ್ಯು ಕೊಕೊ ಎಂಬ ಹೆಸರಿನಾಕೆ ಮರಳಿ ಬಂದ ಮೇಲೂ ತಿಂಗಳುಗಟ್ಟಲೆ ಬೈಗುಳದ ಮಳೆ ಸುರಿಯಿತು. 2021ರ ಜುಲೈ 1ರಂದು ಆಕೆ ಆ ವೇಷವನ್ನು ಬಿಟ್ಟು ಹೊರಟಳು. ಹಾಡು ಕೇಳಲು ಕೂಡಿದ್ದ ಜನರ ನಡುವೆ ಒಂದು ಪಟ್ಟಿಯ ಒಂದು ಹೆಸರು ಗಡಿಯ ಕದನವಾಯಿತು. ಬೈದವರು ಬರಿಯ ಚಿತ್ರಕ್ಕೆ ಬೈದೆವೆಂದುಕೊಂಡಿರಬಹುದು. ಚಿತ್ರಕ್ಕೆ ನೋವಾಗುವುದಿಲ್ಲ, ಹಿಂದೆ ಕುಳಿತ ಮನುಷ್ಯರಿಗೆ ಆಗುತ್ತದೆ.

ಇದು ದೂರದ ಕಥೆಯೆಂದು ಬಿಡುವಂತಿಲ್ಲ. 2016ರ ಸೆಪ್ಟೆಂಬರ್ ತಿಂಗಳನ್ನು ನೆನೆಯಿರಿ. ಕಾವೇರಿ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತ್ತು, ಕರ್ನಾಟಕ ಬಂದ್ ನಡೆದಿತ್ತು, ಚಿತ್ರನಟರೂ ಬೀದಿಗಿಳಿದಿದ್ದರು. ಆ ನಟರನ್ನು ಹಾಸ್ಯ ಮಾಡಿ ಫೇಸ್‌ಬುಕ್ಕಿನಲ್ಲಿ ಬರೆದನೆಂದು ಬೆಂಗಳೂರಿನಲ್ಲಿ ಒಬ್ಬ ತಮಿಳು ವಿದ್ಯಾರ್ಥಿಯನ್ನು ಹಿಡಿದು ಹೊಡೆದರು, ಹೊಡೆದದ್ದನ್ನು ವಿಡಿಯೋ ಮಾಡಿ ಹಂಚಿದರು. ಅದರ ಬೆನ್ನಿಗೇ ರಾಮೇಶ್ವರದಲ್ಲಿ ಒಬ್ಬ ಕನ್ನಡಿಗನಿಗೆ ಹೊಡೆದ ವಿಡಿಯೋ ಹರಿದಾಡಿತು, ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿಯಾಯಿತು. ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಸುಟ್ಟು ಕರಕಲಾದವು. ಕಾವೇರಿ ವ್ಯಾಜ್ಯ ನೂರು ವರ್ಷಕ್ಕೂ ಹಳೆಯದು, ಎಲ್ಲಕ್ಕೂ ಒಂದು ವಿಡಿಯೋ ಕಾರಣವೆನ್ನುವುದು ತಪ್ಪು. ಆದರೆ ನೀರಿನ ಲೆಕ್ಕದಲ್ಲಿ ನಡೆಯಬೇಕಾದ ವಾದ ನಟರ ಮಾನದ ವಾದವಾದಾಗ ನೀರು ಹೆಚ್ಚಲಿಲ್ಲ, ಬೆಂಕಿ ಹೆಚ್ಚಿತು.

ಅದಕ್ಕೂ ಹಿಂದೆ, 2000ದ ಜುಲೈ 30ರ ರಾತ್ರಿ, ಗಾಜನೂರಿನ ಮನೆಯಿಂದಲೇ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಹಿಡಿದೊಯ್ದ. ನವೆಂಬರ್ 15ಕ್ಕೆ ಬಿಡುಗಡೆಯಾಗುವವರೆಗೆ 108 ದಿನ. ಆತ ತಮಿಳರ ಹೆಸರಿನಲ್ಲಿ ಬೇಡಿಕೆಗಳನ್ನಿಟ್ಟ, ಇತ್ತ ಅಭಿಮಾನಿಗಳ ಸಂಕಟ ತಮಿಳರ ಮೇಲಿನ ಸಿಟ್ಟಾಗಿ ತಿರುಗುವ ಭಯ ಎಲ್ಲೆಡೆ ಇತ್ತು. ಈಗ ನಿಧಾನವಾಗಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕನ್ನಡದ ಕಣ್ಮಣಿಯಾದವರ ಊರು ಇಂದು ತಮಿಳುನಾಡಿನಲ್ಲಿದೆ. ತಮಿಳಿನ ಹೆಸರು ಹೇಳಿದವನು ಹುಟ್ಟಿದ ಗೋಪಿನಾಥಂ ಇಂದು ಕರ್ನಾಟಕದಲ್ಲಿದೆ. 1956ರ ವಿಂಗಡಣೆಗೆ ಮೊದಲು ಎರಡೂ ಕೊಯಮತ್ತೂರು ಜಿಲ್ಲೆಯ ಊರುಗಳೇ. ಗೆರೆ ಎಳೆದದ್ದು ಆಡಳಿತದ ಅನುಕೂಲಕ್ಕೆ. ಅದನ್ನು ಪ್ರೀತಿ-ದ್ವೇಷಗಳ ಗೆರೆಯಾಗಿ ಮಾಡಿಕೊಂಡರೆ ತಾಳವಾಡಿಯ ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ ತಮಿಳಿನಲ್ಲಿ ಚೌಕಾಸಿ ಮಾಡುವವನು ಯಾವ ಪಕ್ಷಕ್ಕೆ ಸೇರಬೇಕು? ಕೋಸು, ಟೊಮ್ಯಾಟೊ ಹೇರಿದ ಗಾಡಿ ಚಾಮರಾಜನಗರದ ಕಡೆಗೂ ಹೋಗಬೇಕು, ದಿಂಬಂನ 27 ತಿರುವು ಇಳಿದು ಸತ್ಯಮಂಗಲಕ್ಕೂ ಹೋಗಬೇಕು. ದೂರದ ಪಟ್ಟಣದಲ್ಲಿ ಕುಳಿತು ಬರೆದವನ ಮನೆಯ ಮುಂದೆ ಯಾವ ಗಾಡಿಯೂ ನಿಲ್ಲುವುದಿಲ್ಲ, ನಮ್ಮ ಗಾಡಿ ನಿಲ್ಲುತ್ತದೆ.

ಹಾಗಾದರೆ ಭಾಷೆ, ನೀರುಗಳ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಬೇಕೇ ಎಂದು ತರುಣರು ಕೇಳಬಹುದು. ಖಂಡಿತ ಬೇಡ. ನಮ್ಮ ಮಕ್ಕಳಿಗೆ ಕನ್ನಡ ಶಾಲೆ ಬೇಕು, ಕನ್ನಡ ಬಲ್ಲ ಶಿಕ್ಷಕರು ಬೇಕು, ಅದನ್ನು ಗಟ್ಟಿಯಾಗಿ ಕೇಳಬೇಕು. ಆದರೆ ಕೇಳುವುದು ಬೇರೆ, ಕೆಣಕುವುದು ಬೇರೆ. ಕೇಳುವವನು ಅರ್ಜಿಯ ಕೆಳಗೆ ರುಜು ಹಾಕುತ್ತಾನೆ, ಕೆಣಕುವವನು ಹೆಸರು ಮರೆಸುತ್ತಾನೆ.

ಲೆಕ್ಕಪತ್ರ ಬರೆಯುವ ಕಾಯಕ ನಮ್ಮದಾದ್ದರಿಂದ ಆ ಮಾತಿನಲ್ಲೇ ಹೇಳುತ್ತೇವೆ. ವೋಚರ್ ಇಲ್ಲದೆ ಒಂದು ರೂಪಾಯಿಯನ್ನೂ ಖರ್ಚಿಗೆ ಬರೆಯುವಂತಿಲ್ಲ. ಹಾಗೆಯೇ ಆಧಾರ ಕಾಣದೆ ಒಂದು ಸುದ್ದಿಯನ್ನೂ ಮುಂದಕ್ಕೆ ಕಳುಹಿಸಬಾರದು. ನಮ್ಮ ಮೆಚ್ಚಿನವರು ಹೇಳಿದರೆಂಬುದು ವೋಚರ್ ಆಗುವುದಿಲ್ಲ. ಹಾಡುವುದರಲ್ಲಿ, ಆಡುವುದರಲ್ಲಿ ದೊಡ್ಡವರಾದವರು ನದಿಯ ಲೆಕ್ಕದಲ್ಲೂ ದೊಡ್ಡವರೇ ಆಗಿರಬೇಕೆಂದಿಲ್ಲ. ಇನ್ನೊಂದು, ಸಂತೆಯಲ್ಲಿ ಎದುರಿಗೆ ನಿಂತ ತಮಿಳು ಅಣ್ಣನಿಗೆ ಹೇಳಲಾಗದ ಮಾತನ್ನು ಮೊಬೈಲಿನಲ್ಲೂ ಬರೆಯಬಾರದು.

ಅಭಿಮಾನ ಒಳ್ಳೆಯ ದಾರಿಯನ್ನೂ ಹಿಡಿಯಬಲ್ಲದು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ದುಃಖ ದೊಂಬಿಯಾಯಿತು, ಜೀವಗಳು ಹೋದವು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ತೀರಿಕೊಂಡಾಗ ತಂದೆಯಂತೆಯೇ ಅವರ ಕಣ್ಣುಗಳೂ ದಾನವಾದವು, ನಾಲ್ವರಿಗೆ ಬೆಳಕು ಬಂತು. ಅದನ್ನು ಕಂಡ ಅಭಿಮಾನಿಗಳು ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು. ದುಃಖ ಎರಡು ಸಲವೂ ಒಂದೇ, ಅದು ಇಳಿದ ಖಾತೆ ಬೇರೆ.

ಆದ್ದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮೊಬೈಲು ಕಸಿದುಕೊಳ್ಳುವುದಕ್ಕಿಂತ ಮೊದಲು ಮಗುವಿನ ಪಕ್ಕದಲ್ಲಿ ಕುಳಿತು ಆ ಗೊಂಬೆ ಯಾರು, ಅದು ಹೇಳುವುದೇನು, ಜೊತೆಯವರು ಬರೆಯುವುದೇನು ಎಂದು ಕೇಳಿರಿ. ಪ್ರೀತಿಸಬೇಡ ಎನ್ನಬೇಡಿರಿ. ಪ್ರೀತಿಸಿದವರ ಹೆಸರಿನಲ್ಲಿ ಯಾರನ್ನೂ ನೋಯಿಸಬೇಡ ಎಂದು ಹೇಳಿರಿ. ಅಭಿಮಾನಿಗಳನ್ನು ದೇವರೆಂದು ಕರೆದವರ ಸೀಮೆಯವರು ನಾವು. ಆ ಹೆಸರಿಗೆ ತಕ್ಕ ನಡತೆಯೂ ನಮ್ಮಲ್ಲಿರಲಿ.