ಫೀಸಿಗೆ ಸಿಗುವ ಕಾಲು ಪಾಲು

ದುಡ್ಡು ತೆತ್ತು ಕಲಿತ ವಿದ್ಯೆ ವಿದ್ಯೆಯೇ? ಭದ್ರಾವತಿಯ ನಮ್ಮ ನ್ಯೂ ಟೌನ್‌ನಲ್ಲಿ ಈ ಪ್ರಶ್ನೆ ಈಗ ಬರೀ ಶಾಸ್ತ್ರದ ಮಾತಾಗಿ ಉಳಿದಿಲ್ಲ. ಎಂಪಿಎಂ 2015ರಲ್ಲಿ ಕಾಗದ ಮಾಡುವುದನ್ನು ನಿಲ್ಲಿಸಿತು. ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುತ್ತೇವೆಂಬ ಸುದ್ದಿ 2023ರ ಜನವರಿಯಲ್ಲಿ ಹೊರಬಿತ್ತು. ಅಜ್ಜ, ಅಪ್ಪ ಕಾರ್ಖಾನೆಯ ಶಿಫ್ಟಿಗೆ ಹೋಗಿ ಬಂದ ಮನೆಗಳ ಮಕ್ಕಳು ಈಗ ಜಾವಾ, ಪೈಥಾನ್, ಫುಲ್ ಸ್ಟ್ಯಾಕ್ ಅಂತ ಕೋರ್ಸಿಗೆ ಸೇರುತ್ತಿದ್ದಾರೆ. ಫೀಸು ಕಟ್ಟಲು ತಾಯಿಯ ಬಳೆ ಅಡವಿಗೆ ಹೋಗುವುದೂ ಉಂಟು. ಕಟ್ಟಿದ ದುಡ್ಡಿಗೆ ನಿಜವಾಗಿ ಏನು ಬರುತ್ತದೆ ಎಂದು ಕೇಳಿಕೊಳ್ಳುವುದು ಇಂಥ ಮನೆಗಳಲ್ಲಿ ಧರ್ಮದ ಪ್ರಶ್ನೆಯೂ ಹೌದು, ಸಂಸಾರದ ಪ್ರಶ್ನೆಯೂ ಹೌದು.

ಹಳೆಯ ಶಾಸ್ತ್ರ ಈ ವಿಷಯದಲ್ಲಿ ಬಹಳ ಕಟು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧಕ್ಕೆ ಕರೆಯಬಾರದವರ ಪಟ್ಟಿಯಿದೆ. ಕೂಲಿ ಪಡೆದು ಪಾಠ ಹೇಳುವವನು ಅದರಲ್ಲಿದ್ದಾನೆ. ಅವನಲ್ಲಿ ಕಲಿತವನನ್ನೂ ಅದು ಬಿಟ್ಟಿಲ್ಲ. ಕಾಳಿದಾಸನ 'ಮಾಳವಿಕಾಗ್ನಿಮಿತ್ರ'ದಲ್ಲಿ ಹೊಟ್ಟೆಪಾಡಿಗಷ್ಟೇ ವಿದ್ಯೆ ಇಟ್ಟುಕೊಂಡವನನ್ನು ವ್ಯಾಪಾರಿ ಎಂದು ಕರೆದಿದೆ. ನಮ್ಮ ಬೀದಿಯ ಹಿರಿಯರೊಬ್ಬರು ಇದನ್ನೇ ಹಿಡಿದು, ಸರಸ್ವತಿಯನ್ನು ಅಂಗಡಿಯಲ್ಲಿ ಕೂರಿಸಿದ ಮೇಲೆ ಏನು ಉಳಿಯಿತು ಎಂದು ನೊಂದುಕೊಳ್ಳುತ್ತಾರೆ.

ಅವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಮಾತನ್ನು ಒಪ್ಪಲಾರೆ. ಫೀಸಿಲ್ಲದೆ ಕಲಿಸುತ್ತಿದ್ದ ಗುರುಕುಲದ ಬಾಗಿಲು ನಮ್ಮಂಥವರ ಮನೆಯ ಮಕ್ಕಳಿಗೆ ತೆರೆದಿರಲಿಲ್ಲ. ದ್ರೋಣ ಏಕಲವ್ಯನಿಗೆ ಪಾಠ ಹೇಳಲಿಲ್ಲ, ಬೆರಳನ್ನು ಮಾತ್ರ ಕೇಳಿದ. ಇವತ್ತು ಫೀಸು ಕಟ್ಟಿದ ಹುಡುಗಿಯ ಕುಲಗೋತ್ರವನ್ನು ಕೋರ್ಸಿನವರು ವಿಚಾರಿಸುವುದಿಲ್ಲ. ದುಡ್ಡಿಲ್ಲದವರಿಗೆ ಈ ಬಾಗಿಲೂ ಮುಚ್ಚಿಯೇ ಇದೆ, ನಿಜ. ಅದಕ್ಕೆ ಸರ್ಕಾರ, ಸಮಾಜ ಉತ್ತರ ಕೊಡಬೇಕು. ಆದರೆ ಕಲಿಸುವುದೂ ಒಂದು ಕಾಯಕ, ಕಾಯಕಕ್ಕೆ ಕೂಲಿ ಪಡೆದರೆ ಪಾಪ ಅಂಟುವುದಿಲ್ಲ. ಈ ಊರಿನ ಕಬ್ಬಿಣದ ಕಾರ್ಖಾನೆಗಾಗಿ ದುಡಿದ ವಿಶ್ವೇಶ್ವರಯ್ಯನವರು ಆ ಕೆಲಸಕ್ಕೆ ತಮಗೆ ಬರಬೇಕಿದ್ದ ಸಂಭಾವನೆಯನ್ನು ಕೈಗೆ ತೆಗೆದುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಿ ಎಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಬೆಳೆದದ್ದು ಆ ಹಣದಿಂದ. ವಿದ್ಯೆಗೆ ದುಡ್ಡು ಮುಟ್ಟಿದರೆ ಮೈಲಿಗೆ ಎನ್ನುವವರು ಭದ್ರಾವತಿಯಲ್ಲಿ ಕೂತು ಇದನ್ನು ಮರೆಯಬಾರದು.

ಹಾಗಾದರೆ ತಪ್ಪು ಎಲ್ಲಿದೆ? ಹಿರಿಯರು ಹೇಳುವ ಒಂದು ಸುಭಾಷಿತದ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ. ಅದರ ಪ್ರಕಾರ ಶಿಷ್ಯನಿಗೆ ವಿದ್ಯೆಯ ಕಾಲು ಪಾಲು ಗುರುವಿನಿಂದ ಬರುತ್ತದೆ, ಕಾಲು ಪಾಲು ಸ್ವಂತ ಬುದ್ಧಿಯಿಂದ, ಇನ್ನೊಂದು ಕಾಲು ಜೊತೆಯಲ್ಲಿ ಕಲಿಯುವವರಿಂದ, ಕೊನೆಯದು ದಿನ ಕಳೆದಂತೆ. ಫೀಸು ಇದರಲ್ಲಿ ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ. 'ಆರು ತಿಂಗಳಲ್ಲಿ ಎಕ್ಸ್‌ಪರ್ಟ್, ನೂರಕ್ಕೆ ನೂರು ಪ್ಲೇಸ್‌ಮೆಂಟ್' ಎಂದು ಬೋರ್ಡು ಹಾಕುವವರು ತಮ್ಮದಲ್ಲದ ಮುಕ್ಕಾಲನ್ನೂ ಮಾರುತ್ತಾರೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು. ಕೋರ್ಸು ನಡೆಸುವವರ ಎದುರು ನಿಲ್ಲಬೇಕಾದವಳು ಅವಳು.

ಕೊಳ್ಳುವವರದೂ ಒಂದು ತಪ್ಪಿದೆ, ಅದನ್ನು ನಾನು ಹತ್ತಿರದಿಂದ ನೋಡಿದೆ. ನನ್ನ ತಂಗಿಯ ಮಗಳು ನಮ್ಮ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಕೂತು ಆನ್‌ಲೈನಿನಲ್ಲಿ ಜಾವಾ ಕಲಿತಳು. ಸರ್ ಟೈಪ್ ಮಾಡಿದ್ದನ್ನೇ ಇವಳೂ ಮಾಡುತ್ತಿದ್ದಳು, ಪ್ರೋಗ್ರಾಂ ಓಡುತ್ತಿತ್ತು. ರಾತ್ರಿ ರೆಕಾರ್ಡಿಂಗ್ ನೋಡಿ ಎಲ್ಲ ಅರ್ಥವಾಯಿತು ಎನ್ನುತ್ತಿದ್ದಳು. ಒಂದು ದಿನ ಐದು ವಿಷಯಗಳ ಅಂಕ ಕೂಡಿಸುವ ಸಣ್ಣ ಪ್ರೋಗ್ರಾಮನ್ನು ತಾನೇ ಬರೆಯಲು ಕೂತಳು. ಓಡಿಸಿದರೆ ಕೆಂಪು ಅಕ್ಷರ. ಅದನ್ನು ಓದದೆ ಕಾಪಿ ಮಾಡಿ ಚಾಟ್‌ಜಿಪಿಟಿಗೆ ಹಾಕಲು ಹೊರಟಳು.

"ತಡಿ ಪುಟ್ಟಿ, ಏನು ಬರ್ದಿದೆ ಅದರಲ್ಲಿ?"

"ಎರರ್, ಮಾಮ."

"ಅದು ಗೊತ್ತಾಯ್ತು ಕಣೇ. ಏನಂತ ಬರ್ದಿದೆ, ಓದು."

ಓದಿದಳು: ಇಂಡೆಕ್ಸ್ 5 ಔಟ್ ಆಫ್ ಬೌಂಡ್ಸ್ ಫಾರ್ ಲೆಂಗ್ತ್ 5. ಕೆಳಗೆ ಸಾಲಿನ ನಂಬರೂ ಇತ್ತು. ನನಗೆ ಜಾವಾ ಬಾರದು, ಹಾಗೆಂದರೇನು ಹೇಳು ಎಂದೆ. ಅರೇಯಲ್ಲಿ ಎಣಿಕೆ ಸೊನ್ನೆಯಿಂದ ಶುರು, ಐದು ಮನೆಗಳಿದ್ದರೆ ಕೊನೆಯದರ ನಂಬರು ನಾಲ್ಕು ಎಂದು ವಿವರಿಸಿದಳು. ಅವಳ ನೋಟ್ಸಿನಲ್ಲೇ ಇದ್ದ ಸಂಗತಿ. ಒಂದು ಹಾಳೆ ಕೊಟ್ಟು, ಲೂಪ್ ಒಂದೊಂದು ಸುತ್ತು ಬಂದಾಗಲೂ ಎಷ್ಟನೇ ಮನೆಗೆ ಹೋಗುತ್ತದೆ ಬರಿ ಎಂದೆ. 0, 1, 2, 3, 4 ಬರೆದಳು. 5 ಬರೆದ ಕೂಡಲೇ ಪೆನ್ನು ನಿಂತಿತು. 'ಚಿಕ್ಕದು' ಎಂಬ ಗುರುತು ಇರಬೇಕಾದಲ್ಲಿ 'ಚಿಕ್ಕದು ಅಥವಾ ಸಮ' ಎಂಬ ಗುರುತು ಹಾಕಿದ್ದಳು. ಉತ್ತರ ಬೇರೆ ಕಡೆಯಿಂದ ಬಂದಿದ್ದರೆ ಪ್ರೋಗ್ರಾಂ ಸರಿಹೋಗುತ್ತಿತ್ತು, ಹುಡುಗಿ ಇದ್ದಲ್ಲೇ ಇರುತ್ತಿದ್ದಳು.

ನಾನು ಫಿಟ್ಟರ್ ಅಪ್ರೆಂಟಿಸ್ ಆಗಿ ಕಲಿತದ್ದೂ ಹೀಗೆಯೇ. ಕಬ್ಬಿಣದ ತುಂಡನ್ನು ವೈಸಿಗೆ ಕಚ್ಚಿಸಿ ಫೈಲ್ ಹೊಡೆಯಬೇಕು. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯಬೇಕು. ನಡುವೆ ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ತಗ್ಗು. ಫೈಲ್ ಹಿಡಿಯುವ ಬಗೆಯನ್ನು ಇನ್‌ಸ್ಟ್ರಕ್ಟರ್ ತೋರಿಸಿದರು, ತಪ್ಪಿದಾಗ ಮೊಣಕೈ ತಿದ್ದಿದರು. ಮುಂದಿನದು ನನ್ನ ಮತ್ತು ಆ ತುಂಡಿನ ನಡುವಿನ ಮಾತು. ಬೆಳಕಿಗೆ ಯಾರ ಮುಲಾಜೂ ಇಲ್ಲ. ಆ ಕೆಂಪು ಅಕ್ಷರವೂ ಅಂಥದೇ ಸಾಕ್ಷಿ, ಅದಕ್ಕೆ ಹೆದರುವವರು ಕಲಿಯಲಾರರು. ವೇದಾಂತಿಗಳು ಶ್ರವಣವಾದ ಮೇಲೆ ಮನನ, ಆಮೇಲೆ ನಿದಿಧ್ಯಾಸನ ಎಂದರು. ರೆಕಾರ್ಡಿಂಗನ್ನು ಎಷ್ಟು ಸಲ ನೋಡಿದರೂ ಅದು ಶ್ರವಣವೇ. ಹಾಳೆಯ ಮೇಲೆ 5 ಬರೆದು ಪೆನ್ನು ನಿಂತಿತಲ್ಲ, ಅವಳ ಮನನ ಅಲ್ಲಿ ಶುರುವಾಯಿತು. ಬ್ರಹ್ಮವಿದ್ಯೆಗೆ ಇಟ್ಟ ಮೆಟ್ಟಿಲನ್ನು ಕೂಲಿಯ ವಿದ್ಯೆಗೆ ಹಚ್ಚಬಹುದೇ ಎಂದು ಯಾರಾದರೂ ಕೇಳಬಹುದು. ಸತ್ಯ ಕಾಣಲು ಹೊರಟ ಮನಸ್ಸು ಎರಡು ಕಡೆಯೂ ಒಂದೇ ಎಂದು ನಾನು ನಂಬಿದ್ದೇನೆ.

ಆಮೇಲೆ ಅವಳೂ ಅವಳ ಬ್ಯಾಚಿನ ಶಿವಮೊಗ್ಗದ ಗೆಳತಿಯೂ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದತೊಡಗಿದರು. 'ಇದನ್ನ ಯಾಕೆ ಹಿಂಗೆ ಬರ್ದೆ?' ಎಂಬ ಪ್ರಶ್ನೆಗೆ ಉತ್ತರಿಸಲು ಹೋದಾಗ ಎಷ್ಟು ಗೊತ್ತಿಲ್ಲವೆಂದು ಗೊತ್ತಾಗುತ್ತದೆ. ಈ ಪಾಲನ್ನು ಯಾರೂ ಫೀಸಿನ ರಸೀತಿಯಲ್ಲಿ ಬರೆದುಕೊಡುವುದಿಲ್ಲ. ಇನ್ನು ಕಾಲ ಕೊಡುವ ಪಾಲಿಗೆ ಕಾಯುವ ತಾಳ್ಮೆ ನಮ್ಮಲ್ಲಿ ಯಾರಿಗೂ ಇಲ್ಲ, ಸಾಲದ ಕಂತು ಕಾಯಲು ಬಿಡುವುದೂ ಇಲ್ಲ. ಅವಳಿಗೆ ಕೆಲಸ ಇನ್ನೂ ಸಿಕ್ಕಿಲ್ಲ. ಕೆಂಪು ಅಕ್ಷರ ಬಂದರೆ ಈಗ ಮೊದಲು ಓದುತ್ತಾಳೆ.

ಮಕ್ಕಳನ್ನು ಕೋರ್ಸಿಗೆ ಸೇರಿಸಲು ಹೊರಟ ನ್ಯೂ ಟೌನ್‌ನ ತಂದೆತಾಯಂದಿರಲ್ಲಿ ನನ್ನದೊಂದು ಕೇಳಿಕೆ. ಎಷ್ಟು ಜನರಿಗೆ ಕೆಲಸ ಕೊಡಿಸಿದ್ದೀರಿ ಎಂದು ಕೇಳುವ ಮೊದಲು, ನನ್ನ ಮಗಳು ಬರೆದದ್ದನ್ನು ಯಾರು ಕೂತು ಓದುತ್ತಾರೆ, ತಪ್ಪಿದ್ದರೆ ಯಾರು ತೋರಿಸುತ್ತಾರೆ ಎಂದು ಕೇಳಿ. ಅವರು ಒಬ್ಬ ಮನುಷ್ಯನನ್ನು ತೋರಿಸಿದರೆ ಸಂತೋಷದಿಂದ ಫೀಸು ಕಟ್ಟಿ. ತೋರಿಸದಿದ್ದರೆ ಬಳೆಯನ್ನು ಮನೆಯಲ್ಲೇ ಇಟ್ಟುಕೊಳ್ಳಿ.