ಯಾರಲ್ಲಿ ಹೇಳಿಕೊಳ್ಳಲಿ?

ಮೊನ್ನೆ ಮೊಮ್ಮಗಳು ಪರೀಕ್ಷೆಗೆ ಓದುತ್ತಿದ್ದಳು. ಗಣಿತವಲ್ಲ, ವಿಜ್ಞಾನವಲ್ಲ, ಮೌಲ್ಯಶಿಕ್ಷಣ. ‘ಪ್ರಾಮಾಣಿಕತೆ ಎಂದರೇನು? ಎರಡು ಅಂಕ.’ ಉತ್ತರವನ್ನು ಗಟ್ಟಿಯಾಗಿ ಮೂರು ಸಲ ಹೇಳಿ, “ಆಯ್ತು ಅಜ್ಜಿ, ಪ್ರಾಮಾಣಿಕತೆ ಮುಗೀತು” ಎಂದು ಪುಟ ತಿರುಗಿಸಿದಳು. ನನಗೆ ನಗು ಬಂತು. ಬೆನ್ನಿಗೇ ಐವತ್ತು ವರ್ಷದ ಹಿಂದಿನ ಒಂದು ಕರವಸ್ತ್ರ ನೆನಪಾಗಿ ಆ ನಗು ಅಲ್ಲೇ ನಿಂತಿತು.

ನಾನು ಓದಿದ್ದು ಕರಾವಳಿಯ ಒಂದು ಊರಿನ ಕಾನ್ವೆಂಟ್ ಹೈಸ್ಕೂಲಿನಲ್ಲಿ. ನಮ್ಮ ಕಡೆ ಹೆಣ್ಣುಮಕ್ಕಳ ಓದಿಗೂ ಸಿಸ್ಟರ್‌ಗಳಿಗೂ ಹಳೆಯ ನಂಟು. ಅಪೊಸ್ತಲಿಕ್ ಕಾರ್ಮೆಲ್ ಸಭೆಯವರು ಫ್ರಾನ್ಸಿನಿಂದ ಮಂಗಳೂರಿಗೆ ಬಂದದ್ದೇ 1870ರಲ್ಲಿ. ಮಡಿ ಬಿಡದ ನನ್ನ ಅಜ್ಜಿ ಕೂಡ “ಹುಡುಗಿಯನ್ನು ಅಲ್ಲಿಗೇ ಹಾಕಿ, ಶಿಸ್ತು ಬರ್ತದೆ” ಎಂದಿದ್ದರು. ಶಿಸ್ತೆಂದರೆ ಸೊಟ್ಟಗಾಗದ ರಿಬ್ಬನ್ನು ಎಂದೇ ನಾವೆಲ್ಲ ತಿಳಿದಿದ್ದೆವು.

ವಾರದಲ್ಲಿ ಕೆಲವು ದಿನ ಮೊದಲ ಪೀರಿಯಡ್ಡಿಗೆ ತರಗತಿ ಎರಡಾಗುತ್ತಿತ್ತು. ಕ್ಯಾಥೊಲಿಕ್ ಹುಡುಗಿಯರು ದೊತೊರ್ನಿಗೆ, ಅಂದರೆ ಅವರ ಧರ್ಮೋಪದೇಶದ ಪಾಠಕ್ಕೆ, ಚಾಪೆಲಿನ ಪಕ್ಕದ ಕೋಣೆಗೆ ಹೋಗುತ್ತಿದ್ದರು. ಉಳಿದ ನಮಗೆ ಮಾರಲ್ ಸಾಯನ್ಸ್. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲವೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ನಂಬಿಕೆಯ ವಿಷಯದಲ್ಲಿ ಬಲವಂತ ಕೂಡದೆಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯೂ ಸಾರಿತು. ಇದೆಲ್ಲ ನಾನು ದೊಡ್ಡವಳಾದ ಮೇಲೆ ಓದಿ ತಿಳಿದದ್ದು. ಆಗ ಅನ್ನಿಸುತ್ತಿದ್ದದ್ದು ಇಷ್ಟೇ: ಅವರಿಗೆ ಏನೋ ಸಿಗುತ್ತಿದೆ, ನಮಗಿಲ್ಲ.

ಆ ಏನೋ ಎಂಬುದು ಕುಮ್ಸಾರ್. ಪಾದ್ರಿಗಳ ಬಳಿ ಮಂಡಿಯೂರಿ ಮಾಡಿದ ತಪ್ಪನ್ನು ಹೇಳಿಕೊಳ್ಳುವುದು. ಕೇಳಿದ್ದನ್ನು ಅವರು ಜೀವ ಹೋದರೂ ಯಾರಿಗೂ ಹೇಳುವಂತಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಕುಮ್ಸಾರ್ ಮುಗಿಸಿ ಬಂದರೆ ತಲೆಯ ಮೇಲಿನ ಕಟ್ಟಿಗೆಹೊರೆ ಇಳಿಸಿದವಳ ಹಾಗೆ ಕಾಣುತ್ತಿದ್ದಳು. ಜ್ಞಾನಸ್ನಾನವಾಗದ ನನಗೆ ಅಲ್ಲಿ ಜಾಗವಿರಲಿಲ್ಲ.

1974ರಲ್ಲಿ, ಒಂಬತ್ತನೆಯ ತರಗತಿಯಲ್ಲಿ, ನನಗೂ ಒಂದು ಹೊರೆ ಬಂತು. ಹೊಲಿಗೆ ಪರೀಕ್ಷೆಗೆ ಕರವಸ್ತ್ರದ ಮೂಲೆಯಲ್ಲಿ ಹೂ ಹಾಕಬೇಕಿತ್ತು. ಎಸಳಿಗೆ ಲೇಜಿ ಡೇಸಿ, ನಡುವಿಗೆ ಫ್ರೆಂಚ್ ನಾಟ್. ನನ್ನದರಲ್ಲಿ ದಾರ ಸಿಕ್ಕಾಗಿ ಬಟ್ಟೆಯೇ ಮುದುಡಿತ್ತು. ಮೇಜಿನ ಮೇಲೆ ಅದರ ಪಕ್ಕದಲ್ಲೇ ಇನ್ನೊಂದಿತ್ತು, ಅದೇ ನಮೂನೆ, ಅದೇ ಬಣ್ಣ, ಮುತ್ತಿನ ಹಾಗೆ ಗಂಟುಗಳು. ಸಿಸ್ಟರ್‌ಗಳ ಅನಾಥಾಲಯದಲ್ಲಿದ್ದ ಹುಡುಗಿಯದು. ಕೋಣೆಯಲ್ಲಿ ಯಾರೂ ಇರಲಿಲ್ಲ. ಹೆಸರಿನ ಚೀಟಿಗಳನ್ನು ಗುಂಡುಪಿನ್ನಿನಿಂದ ಚುಚ್ಚಿದ್ದರು. ಎರಡು ಪಿನ್ನು ತೆಗೆದು ಚುಚ್ಚಲು ಎಷ್ಟು ಹೊತ್ತು? ನನಗೆ ತರಗತಿಗೇ ಹೆಚ್ಚು ಅಂಕ ಬಂತು. ಅವಳಿಗೆ ಬೈಗಳು. ಅವಳು ಮಾತೇ ಆಡಲಿಲ್ಲ. ಅಮ್ಮ ಆ ಕರವಸ್ತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು.

ಮನೆಯ ಗಣಪತಿಗೆ ಹೇಳಿಕೊಂಡೆ. ಪ್ರದಕ್ಷಿಣೆ ಹಾಕಿದೆ. ಗೆಳತಿಗೂ ಗುಟ್ಟು ಬಿಟ್ಟೆ. “ನಿನಗೆ ಕುಮ್ಸಾರ್ ಇದ್ದಿದ್ದರೆ ಸುಲಭ ಇತ್ತು ಮಾರಾಯ್ತಿ” ಎಂದಳು ಅವಳು.

ನಮಗೆ ಮಾರಲ್ ಸಾಯನ್ಸ್ ತೆಗೆದುಕೊಳ್ಳುತ್ತಿದ್ದ ಸಿಸ್ಟರ್ ಹೇಳಿದ ಕತೆಗಳಲ್ಲಿ ಒಂದೂ ಈಗ ನೆನಪಿಲ್ಲ. ಮರೆಯದೆ ಉಳಿದಿರುವುದು ಪಾಠದ ಕೊನೆಯ ಎರಡು ನಿಮಿಷ. ಕಣ್ಣು ಮುಚ್ಚಿಸಿ, “ನಿನ್ನೆ ಬೆಳಿಗ್ಗೆಯಿಂದ ನೋಡಿಕೊಂಡು ಬನ್ನಿ. ಯಾರು ಸಿಕ್ಕರು, ಏನು ಹೇಳಿದಿರಿ?” ಎನ್ನುತ್ತಿದ್ದರು. ಯಾವ ದೇವರ ಹೆಸರನ್ನೂ ಎತ್ತುತ್ತಿರಲಿಲ್ಲ. ಇದು ಹದಿನಾರನೆಯ ಶತಮಾನದಲ್ಲಿ ಲೊಯೋಲದ ಇಗ್ನೇಷಿಯಸ್ ತನ್ನವರಿಗೆ ಕಲಿಸಿದ ಅಂತರಂಗ ಪರೀಕ್ಷೆಯೆಂದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಅವರಲ್ಲಿ ಅದು ದೇವರಿಗೆ ವಂದಿಸಿ ಶುರುವಾಗಿ ಅವನ ಕ್ಷಮೆ ಬೇಡುವಲ್ಲಿಗೆ ಹೋಗುತ್ತದೆ. ಸಿಸ್ಟರ್ ನಮ್ಮ ನಂಬಿಕೆಗೆ ಕೈ ಹಾಕಬಾರದೆಂದು ಹಿಂದುಮುಂದಿನದನ್ನು ಬಿಟ್ಟು ನಡುವಿನದನ್ನಷ್ಟೇ ಕೊಟ್ಟಿದ್ದರು. ಆ ಸೌಜನ್ಯಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ. ಆದರೆ ಕ್ಷಮಿಸುವವನನ್ನು ತೆಗೆದುಬಿಟ್ಟರೆ ಮಗುವಿನ ಕೈಯಲ್ಲಿ ಉಳಿಯುವುದು ಬರೀ ಸಾಲದ ಪಟ್ಟಿಯಲ್ಲವೇ? ಕಣ್ಣು ಮುಚ್ಚಿದಾಗಲೆಲ್ಲ ನನಗೆ ಆ ಎರಡು ಪಿನ್ನುಗಳೇ ಕಾಣುತ್ತಿದ್ದವು.

ಕಡೆಗೆ ಒಂದು ದಿನ ಪಾಠ ಮುಗಿದ ಮೇಲೆ ಹಿಂದೆಯೇ ಹೋದೆ. “ಸಿಸ್ಟರ್, ನಾನೊಂದು ತಪ್ಪು ಮಾಡಿದ್ದೇನೆ.”

“ನನಗೆ ಮಾಡಿದ್ದಾ?”

“ಅಲ್ಲ ಸಿಸ್ಟರ್.”

“ಹಾಗಾದರೆ ನನ್ನಲ್ಲಿ ಯಾಕೆ ಮಗಾ? ಯಾರಿಗೆ ಮಾಡಿದ್ದೋ ಅವರಲ್ಲಿ ಹೇಳು.” ಏನು ತಪ್ಪು ಎಂದು ಕೂಡ ಕೇಳಲಿಲ್ಲ. ಆಗ ಕೋಪ ಬಂದಿತ್ತು.

ಹೋಗಲು ಎರಡು ವಾರ ಹಿಡಿಯಿತು. ಅವಳು ಅನಾಥಾಲಯದ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಹೇಳಿದೆ.

“ಗೊತ್ತಿತ್ತು” ಎಂದಳು. “ನಾನು ಹಾಕಿದ ಗಂಟು ನನಗೆ ಗೊತ್ತಾಗುವುದಿಲ್ಲವಾ?”

“ಮತ್ತೆ ಟೀಚರಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ಯಾರು ನಂಬುತ್ತಿದ್ದರು?”

ಒದ್ದೆ ಬೆಡ್‌ಶೀಟಿನ ಒಂದು ತುದಿಯನ್ನು ನನ್ನ ಕಡೆ ಚಾಚಿದಳು. ಇಬ್ಬರೂ ಹಿಂಡಿ ಹಗ್ಗಕ್ಕೆ ಹಾಕಿದೆವು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಮನಸ್ಸು ಹಗುರವಾಯಿತು ಎಂದರೆ ಸುಳ್ಳಾಗುತ್ತದೆ.

ಹೊಲಿಗೆ ಟೀಚರಿಗೆ ಮಾತ್ರ ನಾನು ಹೇಳಲೇ ಇಲ್ಲ. ಅಂಕ ನನ್ನ ಹೆಸರಿನಲ್ಲೇ ಉಳಿಯಿತು. ಮುಂದೆ ಗೆಳತಿಗೆ ಇದನ್ನು ಹೇಳಿದಾಗ ಅವಳು ನಕ್ಕು, “ಕುಮ್ಸಾರ್ ಅಷ್ಟು ಸಸ್ತಾ ಅಂದುಕೊಂಡಿದ್ದೀಯಾ? ಕದ್ದದ್ದನ್ನು ಕೊಟ್ಟು ಬಾ ಅಂತ ಪಾದ್ರಿಗಳೂ ಹೇಳ್ತಾರೆ” ಎಂದಳು. ಅವಳು ಹಗುರಾಗಿ ಬರುತ್ತಿದ್ದದ್ದನ್ನು ಕಂಡು ಹೊಟ್ಟೆಕಿಚ್ಚುಪಟ್ಟವಳು ನಾನು. ಅವಳು ಏನನ್ನು ಹಿಂದಿರುಗಿಸಿ ಬರುತ್ತಿದ್ದಳೆಂದು ನೋಡಿಯೇ ಇರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಆ ಚೌಕಟ್ಟು ನಮ್ಮ ಮನೆಗೆ ಬಂತು. ಎಸೆಯಲು ಮನಸ್ಸಾಗಲಿಲ್ಲ, ಕಪಾಟಿನೊಳಗಿಡಲೂ ಆಗಲಿಲ್ಲ. ಮೊಮ್ಮಗಳು ಚಿಕ್ಕವಳಿದ್ದಾಗ, “ಇದು ನೀನು ಹೊಲಿದದ್ದಾ ಅಜ್ಜಿ?” ಎಂದು ಕೇಳಿದ್ದಳು. ಹೂಂ ಎಂದಿದ್ದೆ.

ಮೊನ್ನೆ ಅವಳ ಪುಸ್ತಕವನ್ನು ಪಕ್ಕಕ್ಕಿಡಿಸಿ, ಸ್ಟೂಲು ಹತ್ತಿ ಅದನ್ನು ಗೋಡೆಯಿಂದ ಕೆಳಗಿಳಿಸಿದೆ.