ಹತ್ತನೆಯವನ ದಾರಿ ಕಾಯುತ್ತ

ನಮ್ಮಜ್ಜಿ ಭತ್ತ ಅಳೆಯುವಾಗ ‘ಒಂದು’ ಎಂದದ್ದನ್ನು ನಾನು ಕೇಳಿಯೇ ಇಲ್ಲ. ಮೊದಲ ಅಳತೆಗೆ ‘ಲಾಭ’, ಆಮೇಲೆ ಎರಡು, ಮೂರು. ಮನುಷ್ಯರನ್ನಂತೂ ಎಣಿಸಲೇಕೂಡದು. ಪಂಕ್ತಿಯಲ್ಲಿ ಎಷ್ಟು ಜನ ಕೂತಿದ್ದಾರೆ ನೋಡಿ ಬಾ ಎಂದು ಕಳಿಸಿದರೆ ಎಲೆ ಎಣಿಸಿಕೊಂಡು ಬರಬೇಕಿತ್ತು, ತಲೆಯನ್ನಲ್ಲ.

ಯೆಹೂದಿಗಳಲ್ಲೂ ಇಂಥದೇ ಒಂದು ಅಳುಕು ಇದೆ ಎಂದು ಗೊತ್ತಾದದ್ದು ಈಚೆಗೆ. ಕಷ್ಟ ಏನೆಂದರೆ, ಪ್ರಾರ್ಥನೆಗೆ ಮುಂಚೆ ಅವರು ಜನರನ್ನು ಎಣಿಸದೆ ವಿಧಿಯಿಲ್ಲ. ಹತ್ತು ಮಂದಿ ಸೇರಿದ್ದಾರೋ ಇಲ್ಲವೋ ನೋಡಲೇಬೇಕು. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಹೀಬ್ರೂ ಕೀರ್ತನೆಗಳಲ್ಲಿ ಸರಿಯಾಗಿ ಹತ್ತು ಪದಗಳಿರುವ ಒಂದು ವಚನವನ್ನು ಬಾಯಲ್ಲಿ ಹೇಳುತ್ತ, ಒಬ್ಬೊಬ್ಬರಿಗೆ ಒಂದೊಂದು ಪದ ಹಂಚುತ್ತ ಹೋಗುವುದು. ಕೊನೆಯ ಪದಕ್ಕೂ ಒಬ್ಬ ಆಸಾಮಿ ಸಿಕ್ಕಿದನೋ, ಸರಿ. ಇನ್ನು ಕೆಲವರು ‘ಒಂದಲ್ಲ, ಎರಡಲ್ಲ, ಮೂರಲ್ಲ’ ಎನ್ನುತ್ತ ಹತ್ತನ್ನು ಮುಟ್ಟುತ್ತಾರೆ. ದೃಷ್ಟಿಯೂ ತಾಗಬಾರದು, ಲೆಕ್ಕವೂ ತಪ್ಪಬಾರದು.

ಈ ಹತ್ತರ ಕೂಟದ ಹೆಸರು ಮಿನ್ಯಾನ್. ಸಂಪ್ರದಾಯಸ್ಥರ ಲೆಕ್ಕದಲ್ಲಿ ಹದಿಮೂರು ತುಂಬಿದ ಹತ್ತು ಗಂಡಸರು. ಒಬ್ಬನೇ ಕೂತು ದೇವರನ್ನು ಬೇಡಿಕೊಳ್ಳಲು ಅಡ್ಡಿಯಿಲ್ಲ. ಆದರೆ ವಿಧಿಯಂತೆ ಧರ್ಮಗ್ರಂಥವಾದ ತೋರಾದ ಸುರುಳಿ ಬಿಚ್ಚಿ ಎಲ್ಲರೆದುರು ಓದಲು ಹತ್ತು ಜನ ಬೇಕು. ತೀರಿಕೊಂಡ ತಂದೆತಾಯಿಗಾಗಿ ಹೇಳುವ ಕದ್ದೀಶಿಗೂ ಹತ್ತು ಜನ ಬೇಕು. ಕದ್ದೀಶಿನಲ್ಲಿ ಸಾವಿನ ಮಾತೇ ಬರುವುದಿಲ್ಲ, ಉದ್ದಕ್ಕೂ ದೇವರ ಸ್ತುತಿ. ದುಃಖದಲ್ಲಿರುವವನು ಎದ್ದು ನಿಂತು ಹೇಳುತ್ತಾನೆ, ಕೂಡಿದವರು ನಡುನಡುವೆ ‘ಆಮೆನ್’ ಎನ್ನುತ್ತಾರೆ. ಮಕ್ಕಳು ಸಾಮಾನ್ಯವಾಗಿ ಹನ್ನೊಂದು ತಿಂಗಳು ಇದನ್ನು ಹೇಳಬೇಕು. ಅಂದರೆ ಅಷ್ಟು ದಿನವೂ ಹೂಂಗುಡಲು ಒಂಬತ್ತು ಜನ ಮನೆ ಬಿಟ್ಟು ಬರಬೇಕು. ಸಾವಿನ ಮನೆಯವನು ಬಾಗಿಲು ಹಾಕಿಕೊಂಡು ಒಬ್ಬನೇ ಕೂರದ ಹಾಗೆ ಯಾರೋ ಬಹಳ ಯೋಚಿಸಿ ಮಾಡಿಟ್ಟ ಏರ್ಪಾಡು ಇದು ಎಂದು ನನಗೆ ಅನ್ನಿಸುತ್ತದೆ.

ಅವರು ಪ್ರಾರ್ಥಿಸುವ ಜಾಗಕ್ಕೆ ಹೀಬ್ರೂವಿನಲ್ಲಿ ಬೇತ್ ಕ್ನೆಸೆತ್ ಎನ್ನುತ್ತಾರೆ, ಕೂಡುವ ಮನೆ ಎಂದರ್ಥ. ಸಿನಗಾಗ್ ಎಂಬ ಗ್ರೀಕ್ ಮೂಲದ ಮಾತಿಗೂ ಅದೇ ಅರ್ಥ. ಕನ್ನಡಕ್ಕೆ ಬೈಬಲ್ ತಂದವರು ಈ ವಿಷಯದಲ್ಲಿ ಜಾಣರು. ದೇವಾಲಯ ಎನ್ನದೆ ‘ಸಭಾಮಂದಿರ’ ಎಂದರು. ನಮ್ಮ ಹಳ್ಳಿಯ ಪಂಚಾಯಿತಿಯಲ್ಲಿ ‘ಹತ್ತು ಸಮಸ್ತರು ಸೇರಿ’ ಎನ್ನುವುದಿಲ್ಲವೇ, ಅಲ್ಲೂ ಊರೆಂದರೆ ಹತ್ತೇ. ಯೆಹೂದಿಗಳ ಮಿಶ್ನಾ ಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸವಿಲ್ಲದ ಹತ್ತು ಜನ ಇರುವ ಊರೇ ದೊಡ್ಡ ಊರು ಎಂದು ಹೇಳುತ್ತದೆ. ಕರೆದ ಹೊತ್ತಿಗೆ ಸಭಾಮಂದಿರಕ್ಕೆ ಬರಲು ಬಿಡುವಿರುವ ಹತ್ತು ಜನ. ನಮ್ಮ ಅರಳಿಕಟ್ಟೆಯ ಮೇಲೆ ಕಾಲ ಕಳೆಯುವವರನ್ನು ಇಷ್ಟು ಗೌರವದಿಂದ ಕಂಡ ಇನ್ನೊಂದು ಶಾಸ್ತ್ರ ನಾನರಿಯೆ.

ಹತ್ತೇ ಏಕೆ ಎಂದು ಹುಡುಕಿಕೊಂಡು ಹೋದರೆ ಸಿಗುವ ಉತ್ತರ ಇನ್ನೂ ಮಜವಾಗಿದೆ. ಮೋಶೆ ವಾಗ್ದತ್ತ ದೇಶವನ್ನು ನೋಡಿಬರಲು ಹನ್ನೆರಡು ಗೂಢಚಾರರನ್ನು ಕಳಿಸಿದ. ಇಬ್ಬರು ಧೈರ್ಯ ಹೇಳಿದರು. ಉಳಿದ ಹತ್ತು ಜನ ಹೆದರಿಸಿ ಜನರ ಎದೆಗೆಡಿಸಿದರು. ದೇವರು ಸಿಟ್ಟಿಗೆದ್ದು ಅವರನ್ನು ‘ಕೆಟ್ಟ ಸಭೆ’ ಎಂದ. ಹತ್ತು ಜನರಿಗೆ ಸಭೆ ಎಂಬ ಹೆಸರು ಬಂದದ್ದು ಅಲ್ಲಿಂದಲೇ ಎಂದು ಪಂಡಿತರು ಅರ್ಥ ಮಾಡಿದರು. ಪುಣ್ಯವಂತರನ್ನು ನೋಡಿ ಕಟ್ಟಿದ ಲೆಕ್ಕವಲ್ಲ, ಪುಕ್ಕಲರನ್ನು ನೋಡಿ ಕಟ್ಟಿದ್ದು.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಕೊಚ್ಚಿಯ ಮಟ್ಟಾಂಚೇರಿಗೆ ಹೋಗಿದ್ದೆ. ಅರಮನೆಯ ದೇವಸ್ಥಾನದ ಬೆನ್ನಿಗೇ, ರಾಜ ಕೊಟ್ಟ ಜಾಗದಲ್ಲಿ, 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಅಲ್ಲಿದೆ. ಅಲ್ಲಿಯವರ ಬಾಯಲ್ಲಿ ಅದು ಜೂತಪ್ಪಳ್ಳಿ. ಸ್ಪೇನ್, ಪೋರ್ಚುಗಲ್ ಮುಂತಾದ ಕಡೆಗಳಿಂದ ಬಂದವರು ಕಟ್ಟಿದ್ದರಿಂದ ಪರದೇಶಿ ಎಂಬ ಹೆಸರು. ಮಲಬಾರಿನ ಹಳೆಯ ಯೆಹೂದಿಗಳು ಅವರಿಗಿಂತ ಎಷ್ಟೋ ಶತಮಾನ ಮೊದಲೇ ಬಂದು ನೆಲೆಸಿದ್ದರು. ಜೋಸೆಫ್ ರಬ್ಬಾನ್ ಎಂಬವನಿಗೆ ಭಾಸ್ಕರ ರವಿವರ್ಮ 72 ಹಕ್ಕುಗಳನ್ನು ಬರೆದುಕೊಟ್ಟ ತಾಮ್ರಪಟಕ್ಕೆ ಸುಮಾರು ಸಾವಿರ ವರ್ಷವಾಗಿದೆ.

ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಕೇರಳದ ಯೆಹೂದಿಗಳು ನಡೆಸಿಕೊಂಡು ಬಂದ ಪದ್ಧತಿ ಅದು. ಬರಿಗಾಲಿಗೆ ತಾಗುವುದು ಹದಿನೆಂಟನೇ ಶತಮಾನದಲ್ಲಿ ಚೀನಾದಿಂದ ತರಿಸಿದ ನೀಲಿ-ಬಿಳಿ ಟೈಲು. ಒಂದರಂತೆ ಇನ್ನೊಂದಿಲ್ಲ ಎಂದು ಗೈಡುಗಳು ಆಣೆ ಮಾಡುತ್ತಾರೆ, ಪರೀಕ್ಷಿಸುವ ಗೋಜಿಗೆ ನಾನು ಹೋಗಲಿಲ್ಲ. ಮೇಲೆ ತೂಗುವ ಗಾಜಿನ ದೀಪಗುಚ್ಛಗಳು, ನಡುವೆ ಹಿತ್ತಾಳೆಯ ಕಟಕಟೆಯಿರುವ ವೇದಿಕೆ. ಕೇರಳದ ಸಿನಗಾಗ್‌ಗಳಲ್ಲಿ ಇನ್ನೊಂದು ವೇದಿಕೆ ಮಹಡಿಯ ಮೇಲೂ ಇರುತ್ತದೆ, ಹೆಂಗಸರು ಕೂರುವ ಜಾಗದ ಮುಂದೆಯೇ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲೂ ಹಬ್ಬಗಳಲ್ಲೂ ತೋರಾ ಓದುತ್ತಿದ್ದದ್ದು ಅಲ್ಲಿಂದ. ಜಾಲರಿಯ ಹಿಂದೆ ಕೂತವರ ಕಿವಿಗೇ ಅದು ಎಲ್ಲರಿಗಿಂತ ಹತ್ತಿರ.

ಹಾಗೆಂದು ಹತ್ತರ ಲೆಕ್ಕದಲ್ಲಿ ಹೆಂಗಸರು ಸೇರುತ್ತಿರಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವರು ಆ ಆಟವನ್ನೇ ಚೆನ್ನಾಗಿ ಆಡಿದರು. ಹೆಣ್ಣುಮಕ್ಕಳೂ ಹೀಬ್ರೂ ಕಲಿತರು, ಗಂಡಸರ ಜೊತೆಗೆ ದನಿಯೆತ್ತಿ ಹಾಡಿದರು. ಮದುವೆಗೆ, ಹಬ್ಬಕ್ಕೆ ಮಲಯಾಳದಲ್ಲಿ ಹಾಡು ಕಟ್ಟಿ ನೋಟ್‌ಬುಕ್ಕುಗಳಲ್ಲಿ ಬರೆದುಕೊಂಡು ತಾಯಿಯಿಂದ ಮಗಳಿಗೆ ದಾಟಿಸಿದರು. ಇಸ್ರೇಲಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಆ ಪುಸ್ತಕಗಳೂ ಹೋದವು. ರೂಬಿ ಡೇನಿಯಲ್ ಎಂಬ ಕೊಚ್ಚಿಯ ಹೆಣ್ಣುಮಗಳು ಮುಪ್ಪಿನಲ್ಲಿ ತಮ್ಮ ನೆನಪುಗಳನ್ನು ಬರೆದದ್ದಲ್ಲದೆ ಆ ಹಾಡುಗಳನ್ನು ಅನುವಾದಿಸಿಯೂ ಇಟ್ಟರು. ಇವತ್ತು ಎಷ್ಟೋ ಕಡೆ ಉದಾರಪಂಥದ ಸಭೆಗಳು ಹೆಂಗಸರನ್ನೂ ಹತ್ತರಲ್ಲಿ ಎಣಿಸುತ್ತವೆ. ಕೊಚ್ಚಿಗೆ ಆ ಗಾಳಿ ಬೀಸಲಿಲ್ಲ.

ಲೆಕ್ಕದಿಂದ ಹೊರಗುಳಿದವರು ಹೆಂಗಸರಷ್ಟೇ ಅಲ್ಲ. ಬಿಡುಗಡೆ ಪಡೆದ ಗುಲಾಮರ ವಂಶದವರೆಂದು ಕೆಲವು ಮನೆತನಗಳನ್ನು ಒಳಗಿನ ಬೆಂಚಿನ ಮೇಲೆ ಕೂರಲು ಬಿಡುತ್ತಿರಲಿಲ್ಲ. ಮುಂಭಾಗದ ಹಜಾರವೋ ಮೆಟ್ಟಿಲೋ ಅವರ ಪಾಲಿಗೆ. ತೋರಾ ಓದುವ ಮರ್ಯಾದೆ ಇಲ್ಲ, ಹೆಣ್ಣು ಕೊಟ್ಟು ತರುವ ಮಾತಂತೂ ಇಲ್ಲವೇ ಇಲ್ಲ. ನಮ್ಮ ನೆಲದ ನೀರು ಕುಡಿದವರಿಗೆ ನಮ್ಮ ರೋಗ ತಗಲದೆ ಇರುತ್ತದೆಯೇ. ಆ ಮನೆತನದಲ್ಲೇ ಹುಟ್ಟಿ ವಕೀಲರಾದ ಎ.ಬಿ. ಸೇಲಂ (1882–1967) ಗಾಂಧೀಜಿಯ ದಾರಿ ಹಿಡಿದರು. ಮಕ್ಕಳನ್ನು ಕರೆದುಕೊಂಡು ಬಂದು ಸಿನಗಾಗಿನಲ್ಲೇ ಸತ್ಯಾಗ್ರಹಕ್ಕೆ ಕೂತರು. ‘ಯೆಹೂದಿ ಗಾಂಧಿ’ ಎಂಬ ಹೆಸರು ಅವರಿಗೆ ಬಂದದ್ದು ಹಾಗೆ. ಕಟ್ಟುಪಾಡು ಒಂದೊಂದಾಗಿ ಸಡಿಲವಾಗುತ್ತ ಬಂದದ್ದು 1940ರ ದಶಕದ ಹೊತ್ತಿಗೆ. 1948ರಲ್ಲಿ ಇಸ್ರೇಲ್ ಹುಟ್ಟಿತು. ಬೆಂಚಿಗಾಗಿ ಜಗಳವಾಡಿದವರು, ಬೆಂಚು ಬಿಟ್ಟುಕೊಡದವರು, ಎಲ್ಲರ ಮನೆಯಲ್ಲೂ ಹಡಗಿನ ಮಾತು ಶುರುವಾಯಿತು.

ಆಗ ಕೇರಳದಲ್ಲಿ ಎಂಟು ಸಿನಗಾಗ್‌ಗಳಿದ್ದವು. ಹೊರಟದ್ದು ಒಬ್ಬಿಬ್ಬರಲ್ಲ, ಊರಿಗೆ ಊರೇ. ಮಾಳ ಎಂಬ ಊರಿನವರು 1955ರಲ್ಲಿ ತಮ್ಮ ಸಿನಗಾಗನ್ನು ಪಂಚಾಯಿತಿಗೆ ಒಪ್ಪಿಸಿ ಹೊರಟರು. ಪರವೂರು ಮತ್ತು ಚೇಂದಮಂಗಲದವು ಈಗ ವಸ್ತುಸಂಗ್ರಹಾಲಯಗಳು. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಒಳಾಂಗಣವನ್ನು ಬಿಚ್ಚಿ ಒಯ್ದು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿ ಮತ್ತೆ ಜೋಡಿಸಿದ್ದಾರೆ. ಎರ್ನಾಕುಲಂನ ಪೇಟೆಯಲ್ಲಿರುವ ಇನ್ನೊಂದರ ಮುಂಭಾಗದಲ್ಲಿ ಅಲಂಕಾರದ ಮೀನು, ಹೂಗಿಡ ಮಾರುತ್ತ ಬಂದಿದ್ದಾರೆ. ಅಂಗಡಿ ದಾಟಿಕೊಂಡೇ ದೇವರ ಬಳಿಗೆ ಹೋಗಬೇಕು.

ಮಟ್ಟಾಂಚೇರಿಯ ಪರದೇಶಿ ಸಿನಗಾಗ್ ಮಾತ್ರ ಉಳಿದುಕೊಂಡಿತು. 1968ರಲ್ಲಿ ಅದಕ್ಕೆ ನಾನೂರು ತುಂಬಿದಾಗ ಇಂದಿರಾ ಗಾಂಧಿ ಬಂದರು, ಅಂಚೆ ಇಲಾಖೆ ಚೀಟಿ ತಂದಿತು. ಸಿಮ್ಹತ್ ತೋರಾ ಹಬ್ಬದ ದಿನ ಒಳಗೆಲ್ಲ ರೇಷ್ಮೆ, ಜರಿ, ಮಲ್ಲಿಗೆ. ಹೊರಗೆ ಸಾಲುಸಾಲು ಎಣ್ಣೆದೀಪದ ಎತ್ತರದ ಕಂಬ. ತೋರಾದ ಸುರುಳಿಗಳನ್ನು ಎದೆಗವಚಿಕೊಂಡು ಸಿನಗಾಗನ್ನು ಹೊರಗಿನಿಂದಲೂ ಸುತ್ತು ಹಾಕುವುದು ಕೇರಳದವರಲ್ಲೇ ಕಾಣುವ ಕ್ರಮ. ಅದು ಯಾರಿಂದ ಬಂದ ಪ್ರದಕ್ಷಿಣೆ ಎಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ನೋಡಲು ಅಕ್ಕಪಕ್ಕದ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಬರುತ್ತಿದ್ದರು. ಜನ ತುಂಬಿ ತುಳುಕಿದರೂ ಹತ್ತು ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಹೋಯಿತು. ಪ್ರವಾಸಕ್ಕೆ ಬಂದ ಯೆಹೂದಿ ಯಾರಾದರೂ ಕಣ್ಣಿಗೆ ಬಿದ್ದರೆ ಪ್ರಾರ್ಥನೆಗೆ ಕೂರಿಸಿಕೊಳ್ಳುವ ಕಾಲ ಬಂತು.

ನಮ್ಮ ಬೆಂಗಳೂರಿನ ಕತೆ ಇದರ ತಿರುಗುಮುರುಗು. ಮೈಸೂರು ರಸ್ತೆಯಲ್ಲಿ 1904ರಷ್ಟು ಹಳೆಯ ಯೆಹೂದಿ ಸ್ಮಶಾನ ಇದೆ, ಅದಕ್ಕೆ ಜೋಡಿಯಾಗಿ ಹಳೆಯ ಸಿನಗಾಗ್ ಇಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬೂಟಿನಂಗಡಿ ಇಟ್ಟು ಹೆಸರು ಮಾಡಿದ ರೂಬಿನ್ ಮೋಸೆಸ್ ಅವರ ಮನೆಯಲ್ಲೇ ಪ್ರಾರ್ಥನೆ ನಡೆಯುತ್ತಿತ್ತು. ಹತ್ತು ಜನ ಇದ್ದರೆ ಯಾರದೋ ನಡುಮನೆಯೂ ಸಾಕು. ಇಲ್ಲದಿದ್ದರೆ ಚೀನಾದ ಟೈಲಿದ್ದೂ ಅಷ್ಟೇ. ಕೊಚ್ಚಿಯಲ್ಲಿ ನಿಂತಾಗ ಪರದೇಶಿ ಎಂಬ ಆ ಸಿನಗಾಗಿನ ಹೆಸರು ನನ್ನ ಕಿವಿಯಲ್ಲಿ ಬೇರೆಯೇ ಸದ್ದು ಮಾಡಿತು. ಮಲಯಾಳಿಗಳಿಗೆ ಪರದೇಶಿ ಎಂದರೆ ಹೊರನಾಡಿನವನು. ನಮ್ಮ ಕಡೆ ಹೆತ್ತವರಿಲ್ಲದ ಮಗುವನ್ನೂ ಹಾಗೇ ಕರೆಯುತ್ತೇವೆ.

ನಾನು ಹೋದದ್ದು ಶುಕ್ರವಾರ. ಸಂಜೆಗೆ ಸಬ್ಬತ್ ಶುರುವಾಗುವುದರಿಂದ ಬೇಗ ಬಾಗಿಲು ಹಾಕುತ್ತಿದ್ದರು. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತೆ, ಒಂದು ಕಾಲಕ್ಕೆ ಸೇಲಂ ಅವರಿಗೆ ಸಿಗದಿದ್ದ ಬೆಂಚು. ಗುಜರಾತಿನ ಒಂದು ಕುಟುಂಬ, ಕಾಲೇಜು ಹುಡುಗಿಯರ ಒಂದು ಹಿಂಡು, ಕಾಲು ನೋವೆಂದು ಕಂಬಕ್ಕೊರಗಿದ ಒಬ್ಬ ಅಜ್ಜ, ಬಿಳಿಯ ದಂಪತಿ. ಬೇಡವೆಂದರೂ ಮನಸ್ಸು ಎಣಿಸತೊಡಗಿತು. ಲಾಭ, ಎರಡು, ಮೂರು... ನನ್ನನ್ನೂ ಸೇರಿಸಿ ಹದಿನೇಳು ಆಯಿತು.

ಹೊತ್ತಾಯಿತು ಎನ್ನುತ್ತ ಕಾವಲಿನವ ಒಳಗೆ ಬಂದ. ಎಲ್ಲರನ್ನೂ ಬಾಗಿಲ ಕಡೆ ಕಳಿಸುತ್ತ ಆ ದಂಪತಿಯ ಬಳಿ ಮಾತ್ರ ನಿಂತು ಮೆಲ್ಲಗೆ ಏನೋ ಕೇಳಿದ. ಗಂಡಸು ತಲೆ ಅಲ್ಲಾಡಿಸಿ, ‘ಅಲ್ಲ, ನಾವು ಹಾಲೆಂಡಿನವರು, ಸುಮ್ಮನೆ ನೋಡಲು ಬಂದೆವು’ ಎಂದ, ತಪ್ಪು ಮಾಡಿದವನ ದನಿಯಲ್ಲಿ.

‘ಪರವಾಗಿಲ್ಲ’ ಎಂದು ಕಾವಲಿನವ ಫ್ಯಾನಿನ ಸ್ವಿಚ್ಚಿನ ಕಡೆ ನಡೆದ.